ಐದೂವರೆ ಗಂಟೆ ಕೂಡಿಸಬೇಕು

ಗದಿಗೆಪ್ಪನ ಹೆಣವನ್ನು ಗೋಡೆಗೆ ಒರಗಿಸಿ ಕೂಡಿಸುತ್ತಿದ್ದಂತೆ ತಲೆ ಮತ್ತೆ ಮುಂದಕ್ಕೆ ಜೋತುಬಿತ್ತು. ಮಗ ಸಚಿನ ಹಣೆಗೆ ಅರಿವೆ ಸುತ್ತಿ ಹಿಂದಿನ ಮೊಳೆಗೆ ಬಿಗಿದ. ಮೂವತ್ತು ವರ್ಷ ರೇಡಿಯೊದ ಏರಿಯಲ್ ತಂತಿ ಕಟ್ಟಿದ್ದ ಮೊಳೆ ಅದು.

"ಬೀಳೂ ಮುಂದ ನಿಮ್ಮನ್ನ ಕರದ್ರೇನ್ರಿ?" ಎಂದಳು ಚಾಳಿನ ಪಕ್ಕದ ಖೋಲಿಯ ಇಂದ್ರಾಬಾಯಿ.

"ಒಂದs ಸಲ. ಹನ್ನೆರಡಕ್ಕ. ಕೇಳಿದ ಕೂಡ್ಲೆ ಓಡಿ ಹೋದ್ನಿ."

ನಿನ್ನೆಯಿಂದ ಹೆಂಡತಿ ಚಂದ್ರವ್ವ ಇದನ್ನು ಹತ್ತು ಸಲ ಹೇಳಿದ್ದಳು. ಈಗ ನಾಲಿಗೆ ತಡವರಿಸಲಿಲ್ಲ. ಅರ್ಧ ತಾಸು ಮೊದಲು ತಂದಿದ್ದರೆ ಗಂಡ ಉಳಿಯುತ್ತಿದ್ದ ಎಂದು ಡಾಕ್ಟರು ಅಂದದ್ದನ್ನು ಸಚಿನನೂ ಕೇಳಿಸಿಕೊಂಡಿದ್ದ.

* * *

ನಿನ್ನೆ ಭಾನುವಾರ, ವರ್ಷಕ್ಕೊಮ್ಮೆ ಬರುವ ರೇಡಿಯೊ ಸ್ಪರ್ಧೆ. ದೇಶದೇಶದ ಹವ್ಯಾಸಿಗಳು ಎರಡು ದಿನ ಒಬ್ಬರನ್ನೊಬ್ಬರು ಕೂಗಿ ಹಿಡಿಯುತ್ತಾರೆ. ಗದಿಗೆಪ್ಪ ಕೇಳಿಸಿದವರನ್ನೆಲ್ಲ ನಿಮಿಷಕ್ಕೊಬ್ಬರಂತೆ ವಹಿಯಲ್ಲಿ ಬರೆದುಕೊಳ್ಳುತ್ತಿದ್ದ. ಅಡುಗೆಮನೆಗೆ ಬರುತ್ತಿದ್ದುದು ಮೂಗಿನಲ್ಲಿ ಮಾತಾಡಿದಂಥ ಗೊರಗೊರ ಮಾತ್ರ. ಅದೇ ಮಾತು, ಮತ್ತೆ ಮತ್ತೆ. ರೊಟ್ಟಿ ಬಡಿಯುತ್ತಿದ್ದ ಚಂದ್ರವ್ವನಿಗೆ ಒಂದು ದನಿ ಬಹಳ ಹೊತ್ತು ಕೂಗಿದ್ದು ಕೇಳಿಸಿತು. ನಡುವೆ 'ಚಂದ್ರಿ' ಎಂದಂತೆಯೂ ಆಯಿತು.

"ಸಂತಿ ಹಚ್ಚ್ಯಾನ ಮುದುಕ," ಎಂದು ಕಾಲಿನಿಂದ ಬಾಗಿಲು ನೂಕಿ ಮುಚ್ಚಿದಳು.

ಹನ್ನೆರಡಕ್ಕೆ ಉಣ್ಣಲು ಕರೆಯಲು ಬಂದಾಗ ರೇಡಿಯೊ ಇನ್ನೂ ಕೂಗುತ್ತಿತ್ತು. ಗಂಡ ಮೇಜಿನ ಕೆಳಗೆ ಬಿದ್ದಿದ್ದ. ಬಾಯಿ ಸೊಟ್ಟಗಾಗಿತ್ತು.

* * *

ಬೈಕುಲ್ಲಾದಿಂದ ರಮಾನಾಥ ಬಂದರು. ಹೋಟೆಲಿನವರು, ಗದಿಗೆಪ್ಪನಿಗೆ ರೇಡಿಯೊ ಹುಚ್ಚು ಹಿಡಿಸಿದವರು. ಹಾರ ಹಾಕಿ ವಹಿ ತಿರುವಿದರು.

"ಎಲ್ಲಾರ ಮುಂದ ಫೈವ್ ನೈನ್ ಯಾಕ ಅಂಕಲ್?" ಸಚಿನ ಕೇಳಿದ.

"ನಿಮ್ಮ ದನಿ ಸ್ಪಷ್ಟ ಕೇಳ್ತದೆ ಅಂತ ಅರ್ಥ. ಕಾಂಟೆಸ್ಟಲ್ಲಿ ಎಲ್ಲರೂ ಅದನ್ನೇ ಹೇಳುದು ಮಾರಾಯ. ಕೇಳಿದ್ರೂ ಅಷ್ಟೇ, ಕೇಳದಿದ್ರೂ ಅಷ್ಟೇ. ಸುಳ್ಳು ಅಂತ ಎಲ್ಲರಿಗೂ ಗೊತ್ತುಂಟು."

ಕೊನೆಯ ಸಾಲಿನ 0540 ಎಂಬ ಅಂಕಿಗಳು ಹಾಳೆಯಂಚಿಗೆ ಜಾರಿದ್ದವು. ಸಚಿನ ಬೆರಳಿಟ್ಟ.

"ಪಾಂಚ್ ಚಾಲೀಸ್? ಅಷ್ಟು ಲಗೂ ಬಂದ್ ಮಾಡಿದ್ರಾ?"

"ಅದು ಗ್ರೀನಿಚ್ ಟೈಮ್. ನಾವು ಅದ್ರಲ್ಲೇ ಬರೆಯುದು. ಐದೂವರೆ ಗಂಟೆ ಕೂಡಿಸ್ಬೇಕು." ರಮಾನಾಥ ಬೆರಳು ಮಡಚಿದರು. "ಹನ್ನೊಂದು ಹತ್ತು. ಆಮೇಲೆ ಒಂದು ಸಾಲೂ ಇಲ್ಲ."

ಸಚಿನ ತಲೆಯೆತ್ತಿದ. "ಅವ್ವಾ, ನೀ ಬಾರಾ ಬಜೆ ಅಂದಿ. ಹನ್ನೆರಡಕ್ಕ ಕರದ್ರು ಅಂತ."

ಇಂದ್ರಾಬಾಯಿ ಚಂದ್ರವ್ವನ ಹೆಗಲ ಮೇಲಿದ್ದ ಕೈ ತೆಗೆದಳು.

ಚಂದ್ರವ್ವ ಎದ್ದು ಗಂಡನ ಹತ್ತಿರ ಹೋದಳು. ಎಡಗಿವಿಯ ಹತ್ತಿ ಅರ್ಧ ಹೊರಬಂದಿತ್ತು. ಅದನ್ನು ತೋರುಬೆರಳಿನಿಂದ ಒತ್ತಿದಳು, ಇನ್ನೂ ಒತ್ತಿದಳು, ಉಗುರು ಕಾಣದಷ್ಟು ಒಳಕ್ಕೆ.