ಐದು ಕಾಲಿನ ನೊಣ

ನಮ್ಮ ಮಾಸ್ಟ್ರಿಕ್ಟ್‌ನಲ್ಲಿ ಮಾರ್ಚ್ ಬಂತೆಂದರೆ ಅಂತರರಾಷ್ಟ್ರೀಯ ಕಲಾಮೇಳ. ಮೇಳ ಮುಗಿಯುವುದರೊಳಗೆ ‘ನಾನು ಮೆಚ್ಚಿದ ಐದು’ ಎಂಬ ಲೇಖನವನ್ನು ಊರಿನ ವಾರಪತ್ರಿಕೆಗೆ ಬರೆದುಕೊಡುವುದು ಹತ್ತೊಂಬತ್ತು ವರ್ಷದಿಂದ ನನ್ನ ಪಾಲಿನ ಕೆಲಸ. ಎಷ್ಟು ಜನ ಓದುತ್ತಾರೋ ಗೊತ್ತಿಲ್ಲ. ‘ನಿಮಗೆ ಕಣ್ಣಿಲ್ಲವೇ’ ಎಂದು ಬೈದು ಬರೆಯುವವರಂತೂ ಪ್ರತಿ ವರ್ಷ ಇದ್ದೇ ಇದ್ದಾರೆ.

ಕಣ್ಣು ನಿಜವಾಗಿಯೂ ಹೋಗುತ್ತಿರುವುದು ನನ್ನ ಜೊತೆಗೆ ಬರುವ ಫೀನ್ ದೊಡ್ಡಮ್ಮನದು. ಎಂಬತ್ತನಾಲ್ಕು ವರ್ಷ. ನೇರ ನೋಡಿದರೆ ಮಧ್ಯದಲ್ಲಿ ಬರೀ ಮಬ್ಬು, ಓರೆಗಣ್ಣಲ್ಲಿ ಅಷ್ಟಿಷ್ಟು ಕಾಣುತ್ತದೆ. ನನಗೆ ನಾಲ್ಕು ವರ್ಷವಿದ್ದಾಗ ನನ್ನ ಅಮ್ಮ ಟ್ರೀಸ್ ತೀರಿಕೊಂಡಳು. ಆಮೇಲೆ ನನ್ನನ್ನು ಸಾಕಿದವಳು ಅಮ್ಮನ ಅಕ್ಕನಾದ ಈ ದೊಡ್ಡಮ್ಮ. ಇಬ್ಬರೂ ಮದುವೆಗೆ ಮುಂಚೆ ಪಿಂಗಾಣಿ ಕಾರ್ಖಾನೆಯಲ್ಲಿ ಒಂದೇ ಮೇಜಿಗೆ ಕೂತು ತಟ್ಟೆಗಳ ಮೇಲೆ ಹೂಬಳ್ಳಿ ಬಿಡಿಸುತ್ತಿದ್ದರು. ಬಿಡಿಸಿದ ಹುಡುಗಿಯರು ಹೆಸರು ಹಾಕುವಂತಿರಲಿಲ್ಲ. ಹೆಸರೆಲ್ಲ ನಕ್ಷೆ ಕೊಟ್ಟ ಕಲಾವಿದರಿಗೆ. ಹಾಗಾಗಿ ಅಮ್ಮನ ಕೈಯದು ಎನ್ನಲು ನನ್ನ ಹತ್ತಿರ ಒಂದು ಬಟ್ಟಲೂ ಇಲ್ಲ.

ಒಂದೇ ಒಂದು ಗುರುತಿತ್ತು. ಭಟ್ಟಿಯಿಂದ ಬಂದ ತಟ್ಟೆಯ ಮೆರುಗಿನಲ್ಲಿ ಸೂಜಿಮೊನೆಯಷ್ಟು ತೂತಿದ್ದರೆ ಅದನ್ನು ಎಸೆಯುತ್ತಿರಲಿಲ್ಲ, ಅದರ ಮೇಲೊಂದು ನೊಣ ಬಿಡಿಸಿ ಮುಚ್ಚುತ್ತಿದ್ದರು. ಎಲ್ಲರ ನೊಣಕ್ಕೂ ಆರು ಕಾಲು. ಅಮ್ಮನ ನೊಣಕ್ಕೆ ಐದೇ. ಕೇಳಿದರೆ, “ಆರನೇದನ್ನ ಹೊಟ್ಟೆ ಕೆಳಗೆ ಮಡಚ್ಕೊಂಡು ಕೂತಿದೆ” ಎನ್ನುತ್ತಿದ್ದಳಂತೆ.

ಅದಕ್ಕೇ ದೊಡ್ಡಮ್ಮ ಪ್ರತಿ ವರ್ಷ ಮೇಳಕ್ಕೆ ಬರುವುದು. ಪಿಂಗಾಣಿ ಇಟ್ಟ ಮಳಿಗೆ ಸಿಕ್ಕಿದರೆ ಸಾಕು, “ನೊಣ ಇದ್ಯಾ? ಕಾಲು ಎಣಿಸು” ಎನ್ನುತ್ತಾಳೆ. ನಾನು ಎಣಿಸುತ್ತೇನೆ. ಯಾವಾಗಲೂ ಆರು.

ಈ ಸಲ ಬಸ್ಸಿನಲ್ಲೇ ಹೇಳಿಬಿಟ್ಟಳು. “ಇದೇ ಕೊನೆ ಕಣೇ ಆನ್ಯೆಸ್. ಮುಂದಿನ ವರ್ಷಕ್ಕೆ ಈ ಓರೆಗಣ್ಣೂ ಇರಲ್ಲ. ಸುಮ್ನೆ ಜನರ ಕಾಲು ತುಳ್ಕೊಂಡು ಯಾಕೆ ಓಡಾಡ್ಲಿ?”

ಅಳುವುದಕ್ಕೆ ಬದಲು, “ಈಗೇನು ಕಮ್ಮಿ ತುಳೀತೀಯಾ?” ಎಂದೆ.

ಮಧ್ಯಾಹ್ನದ ಹೊತ್ತಿಗೆ ನನ್ನ ಪಟ್ಟಿಗೆ ನಾಲ್ಕು ಸಿಕ್ಕಿದ್ದವು. ಎತ್ತಿದರೆ ಭಾರವೇ ಇಲ್ಲದ ಜಪಾನಿನ ಬಿದಿರು ಬುಟ್ಟಿ. ಹಿಡಿಯ ಕಡೆಗೆ ತುಸು ವಾಲಿಕೊಂಡ ಡೆನ್ಮಾರ್ಕಿನ ಬೆಳ್ಳಿ ಹೂಜಿ. ಘಾನಾದ ಮರದ ಮಣೆ, ಕೂತವರ ಮೈಯಿಂದಲೇ ಮಧ್ಯದಲ್ಲಿ ನುಣುಪಾದದ್ದು. ಹರಿದ ಮೀನುಬಲೆಗಳಿಂದ ನಾರ್ವೆಯ ಹೆಂಗಸೊಬ್ಬಳು ನೇಯ್ದ ಗೋಡೆಹಾಸು. ದೊಡ್ಡಮ್ಮ ಅದಕ್ಕೆ ಮೂಗು ಹತ್ತಿಸಿ, “ಮೀನಿನ ವಾಸನೇನೇ ಇಲ್ಲ, ಮೋಸ” ಎಂದಳು. ನೇಯ್ದವಳು ಅಲ್ಲೇ ನಿಂತಿದ್ದಳು. ಪುಣ್ಯಕ್ಕೆ ಅವಳಿಗೆ ನಮ್ಮ ಭಾಷೆ ಬರುತ್ತಿರಲಿಲ್ಲ.

ಕೊನೆಯ ಸಾಲಿನ ಮೂಲೆಯಲ್ಲಿ ಯೋರಿಸ್ ಎಂಬ ಯುವಕನ ಸಣ್ಣ ಮಳಿಗೆ. ಗೋಡೆಯ ಮೇಲೆ ಒಂಟಿ ತಟ್ಟೆ, ನೀಲಿ ಬಳ್ಳಿ, ಅಂಚಿನಲ್ಲಿ ನೊಣ. ಪಕ್ಕದ ಚೀಟಿಯಲ್ಲಿ ಹೀಗಿತ್ತು: ‘ಅಲ್ಫೋನ್ಸ್ ಡ್ಯೋರಿಂಕ್. ಐದು ಕಾಲಿನ ನೊಣ ಕಲಾವಿದನ ತುಂಟ ಸಹಿ.’

ನಾನು ಚೀಟಿಯನ್ನು ಓದಿ ಹೇಳಲಿಲ್ಲ. ಕಾಲು ಎಣಿಸಿದೆ. ಮತ್ತೆ ಎಣಿಸಿದೆ.

“ಯಾಕೆ ಸುಮ್ನಾದೆ? ಎಷ್ಟು?”

“ಐದು, ದೊಡ್ಡಮ್ಮ.”

ಅವಳು ನನ್ನ ತೋಳು ಹಿಡಿದ ರಭಸಕ್ಕೆ ಉಗುರು ನಾಟಿತು. “ಆಗಲ್ಲ. ಇರೋಕೇ ಸಾಧ್ಯ ಇಲ್ಲ. ಎಲ್ಲಾ ಒಡೆದು ಹಾಕಿದ್ರು. ನಾನೇ ನೋಡಿದೀನಿ. ಒಂದಾದ್ರೂ ಉಳ್ದಿರ್ಬಹುದೇನೋ ಅಂತ ಸುಮ್ನೆ ಹುಡುಕ್ತಿದ್ದೆ.”

ಯೋರಿಸ್ ಕುರ್ಚಿ ತಂದುಕೊಟ್ಟ. ಅದರಲ್ಲಿ ಕೂತು, ಐವತ್ತು ವರ್ಷ ನನ್ನಿಂದ ಮುಚ್ಚಿಟ್ಟ ಮಾತನ್ನು ದೊಡ್ಡಮ್ಮ ಆ ಅಪರಿಚಿತ ಹುಡುಗನ ಮುಂದೆ ಹೇಳಿದಳು. “ಮೇಸ್ತ್ರಿ ಶೆಂಗ್ ಒಂದಿನ ಐದು ಕಾಲಿನ ನೊಣ ಕಂಡುಹಿಡಿದ. ಯಾರ್ದಿದು ಅಂತ ಕೂಗಾಡಿದ. ಹದಿನೈದು ಹುಡುಗೀರು, ಒಬ್ರೂ ಬಾಯಿ ಬಿಡ್ಲಿಲ್ಲ. ನಾನು ಬಿಟ್ಟೆ. ಹಿಂದಿನ ದಿನ ಟ್ರೀಸ್ ನನ್ನ ನೀಲಿ ಶೂ ಹೇಳ್ದೆ ಕೇಳ್ದೆ ಹಾಕ್ಕೊಂಡು ಡಾನ್ಸಿಗೆ ಹೋಗಿದ್ಳು. ಹೊಟ್ಟೆ ಉರೀತಿತ್ತು. ‘ಟ್ರೀಸ್‌ದು’ ಅಂತ ಚಾಡಿ ಹೇಳ್ಬಿಟ್ಟೆ. ಅವಳ ನೊಣದ ತಟ್ಟೆ ಎಲ್ಲಾ ಶೆಂಗ್ ಒಡೆದು ಹಾಕಿದ. ಅವಳನ್ನ ಹುಲ್ಲು ಸುತ್ತಿ ತಟ್ಟೆ ಕಟ್ಟೋ ಕೋಣೆಗೆ ಹಾಕಿದ್ರು. ಮತ್ತೆ ಕುಂಚ ಮುಟ್ಲಿಲ್ಲ ಅವಳು.”



ಯೋರಿಸ್ ಮೆಲ್ಲಗೆ ಕೇಳಿದ: “ಅಮ್ಮಾ, ಆ ಮೇಸ್ತ್ರಿ ಮನೆ ಹೆಸ್ರು ಬಾಸ್ಟಿಂಗ್ಸಾ?”

“ಹೌದು. ನಿಂಗೆ ಹ್ಯಾಗೆ ಗೊತ್ತು?”

“ಈ ತಟ್ಟೆ ಅವ್ರ ಮೊಮ್ಮಗಳ ಮನೇದು. ಅಡುಗೆಮನೆ ಗೋಡೆ ಮೇಲೆ ಐವತ್ತು ವರ್ಷ ಇತ್ತಂತೆ. ಅಜ್ಜ ಯಾರಿಗೂ ಮುಟ್ಟೋಕೆ ಬಿಡ್ತಿರ್ಲಿಲ್ವಂತೆ. ‘ಇದೊಂದನ್ನ ಒಡೆಯೋಕೆ ಕೈ ಬರ್ಲಿಲ್ಲ’ ಅಂತಿದ್ರಂತೆ, ಅಷ್ಟೇ. ಯಾಕೆ ಅಂತ ಮನೇಲಿ ಯಾರಿಗೂ ಗೊತ್ತಿಲ್ಲ.”

ದೊಡ್ಡಮ್ಮ “ಆ ಮುದಿ ಕತ್ತೆ,” ಎಂದಳು. ಅಷ್ಟು ಪ್ರೀತಿಯಿಂದ ಅವಳು ಯಾರನ್ನೂ ಬೈದದ್ದನ್ನು ನಾನು ಕೇಳಿಲ್ಲ.

ಹುಡುಗ ಕಸಿವಿಸಿಪಟ್ಟುಕೊಂಡ. “ಚೀಟೀಲಿರೋ ಹೆಸ್ರು ಬದಲಾಯಿಸ್ಬೇಕು, ನಿಜ. ಆದ್ರೆ ಮೇಳದ ಪರೀಕ್ಷಕರು ಒಪ್ಪಿದ ಚೀಟಿ ಇದು. ಮೇಳ ಮುಗಿಯೋವರ್ಗೂ ನಾನು ಮುಟ್ಟೋ ಹಾಗಿಲ್ಲ.”

“ಚೀಟಿ ಹಾಗೇ ಇರ್ಲಿ ಬಿಡಪ್ಪ. ನಂಗೆ ತಟ್ಟೆ ಕೊಡು.”

ಮೇಳದಲ್ಲಿ ಯಾರೂ ಹಾಗೆ ಕೊಡುವುದಿಲ್ಲ. ಅವನು ಅತ್ತಿತ್ತ ನೋಡಿ ತಟ್ಟೆಯನ್ನು ಇಳಿಸಿ ಅವಳ ಮಡಿಲಲ್ಲಿಟ್ಟ. ದೊಡ್ಡಮ್ಮ ಕಣ್ಣು ಮುಚ್ಚಿ ಬೆರಳನ್ನು ಅಂಚಿನುದ್ದಕ್ಕೂ ಜಾರಿಸಿ ನೊಣದ ಮೇಲೆ ನಿಲ್ಲಿಸಿದಳು. ಆಮೇಲೆ ನನ್ನ ಬೆರಳನ್ನು ಹಿಡಿದು ಅಲ್ಲೇ ಒತ್ತಿದಳು. ಬಣ್ಣದ ಅಡಿಯಲ್ಲಿ ಸಣ್ಣದೊಂದು ತಗ್ಗು ಸಿಕ್ಕಿತು. ಅಮ್ಮ ಕುಂಚ ಊರಿದ ಜಾಗ. ಐವತ್ತಾರು ವರ್ಷದ ಹೆಂಗಸು ನಾನು, ಜನರ ಮಧ್ಯೆ ನಿಂತು ಬಿಕ್ಕಿ ಬಿಕ್ಕಿ ಅತ್ತೆ.

ಮನೆಗೆ ಬಂದ ಕೂಡಲೇ ಬರೆಯಲು ಕೂತೆ. ದೊಡ್ಡಮ್ಮ ಏಪ್ರಿಕಾಟ್ ಹಣ್ಣಿನ ಫ್ಲಾಯ್ ಕೇಕನ್ನು ಕೊಯ್ದು ತಟ್ಟೆಗೆ ಹಾಕುತ್ತ, “ಓದು” ಎಂದಳು.

ಓದಿದೆ. “ಐದನೆಯದು, ನೀಲಿ ಬಳ್ಳಿಯ ತಟ್ಟೆ. ಬಿಡಿಸಿದವಳು ಟ್ರೀಸ್ ಹಾಮಲೇರ್ಸ್, ಹತ್ತೊಂಬತ್ತು ವರ್ಷ. ತೂತು ಮುಚ್ಚಲು ನೊಣ ಬಿಡಿಸಿದಳು. ಐದು ಕಾಲು ಅವಳ ಗುರುತು.”

“ನಾನು ಚಾಡಿ ಹೇಳಿದ್ದೆಲ್ಲಿ?”

“ಅದ್ಯಾಕೆ ಬೇಕು ದೊಡ್ಡಮ್ಮ?”

“ಬರಿ. ಶೂ ವಿಷಯಾನೂ ಬರಿ. ಇಲ್ದಿದ್ರೆ ಉಳಿದ ತಟ್ಟೆಗಳು ಎಲ್ಲೋದ್ವು ಅಂತ ಯಾರಿಗೆ ಗೊತ್ತಾಗತ್ತೆ?”

ಪೆನ್ನು ಎತ್ತಿಕೊಂಡೆ. ಇಷ್ಟು ಹೊತ್ತೂ ಕೇಳಲು ಧೈರ್ಯ ಬಾರದಿದ್ದುದನ್ನು ಕೇಳಿದೆ: “ಅಮ್ಮ ನಿನ್ನ ಶೂ ವಾಪಸ್ ಕೊಟ್ಳಾ?”

ಚಾಕು ನಿಂತಿತು.

“ಕೊಟ್ಳು. ಕುಂಚ ಕಿತ್ಕೊಂಡ ದಿನಾನೇ, ಸಾಯಂಕಾಲ. ಪಾಲಿಶ್ ಹಾಕಿ, ಲಾಡಿ ಕಟ್ಟಿ ನನ್ನ ಮಂಚದ ಪಕ್ಕ ಇಟ್ಟಿದ್ಳು.” ನನ್ನ ಕಡೆ ತಟ್ಟೆ ತಳ್ಳಿದಳು. “ಅದನ್ನೂ ಬರಿ.”