ಇನ್ನೂರ ಹನ್ನೆರಡನೆಯ ಮರ

ಚಿತೆಯ ಮೂರನೆಯ ಸಾಲಿಗೆಂದು ಎತ್ತಿದ ಕೊರಡನ್ನು ದೇವಪ್ಪ ಕೆಳಗಿಡಲೇ ಇಲ್ಲ. ಉಗುರಿನಿಂದ ತೊಗಟೆ ಕೆರೆದ. ಒಳಗೆ ಕೆಂಪಗಿತ್ತು.

"ಬಾಯಾರ, ಇದು ಕಾಂಡ್ಲಾ ಐತ್ರಿ. ನಮ್ಮದ ಗಿಡ."

ಮೃದುಲಾ ಗಂಡ ಓಂಕಾರನ ದೇಹದ ಪಕ್ಕ ಕೂತಿದ್ದಳು. ಹೆಂಗಸರು ಸ್ಮಶಾನಕ್ಕೆ ಬರಬಾರದೆಂದು ಮೈದುನ ಬಂಡು ಬೆಳಗಿನಿಂದ ಗೊಣಗಿದ್ದನ್ನು ಅವಳು ಕಿವಿಗೆ ಹಾಕಿಕೊಂಡಿರಲಿಲ್ಲ. ಓಂಕಾರ್ ಇಪ್ಪತ್ತೆಂಟು ವರ್ಷ ಪಣಜಿಯ ಸುತ್ತಲಿನ ಹಿನ್ನೀರಿನಲ್ಲಿ, ಉಪ್ಪು ಕೆಸರಿನಲ್ಲೇ ಬೇರೂರುವ ಕಾಂಡ್ಲಾ ಮರಗಳನ್ನು ನೆಟ್ಟು, ಅಳೆದು, ಲೆಕ್ಕವಿಟ್ಟ ವಿಜ್ಞಾನಿ. ಅವನೊಡನೆ ಕೆಸರಿಗಿಳಿದವನು ವಿಜಯಪುರದಿಂದ ಕೂಲಿಗೆ ಬಂದ ದೇವಪ್ಪ. ಕೊರಡಿನ ಮೇಲೆ ಬೆರಳಗಲದ ತಗಡು ಇನ್ನೂ ಅಂಟಿಕೊಂಡಿತ್ತು: ೨೧೨. ಆ ತಗಡಿಗೆ ಮೊಳೆ ಹೊಡೆದವನೂ ದೇವಪ್ಪನೇ.

"ಎಲ್ಲಿಂದ ತಂದಿ ಇದನ್ನ?" ಮೃದುಲಾ ಮೈದುನನನ್ನು ಕೇಳಿದಳು.

"ಕಟ್ಟಿಗಿ ಅಡ್ಡೆದವಗ ಫೋನ್ ಮಾಡಿದೆ, ಕಳಿಸಿದಾ. ಸುಡೋ ಕಟ್ಟಿಗಿಗೂ ಜಾತಕ ನೋಡಬೇಕೇನು ವೈನಿ?" ಎಂದ ಬಂಡು.

ಹಾರ ತಂದಿದ್ದ, ಮರ ಕಾಯುವ ಇಲಾಖೆಯ ಅಧಿಕಾರಿ ಮೆಲ್ಲಗೆ ಹತ್ತಿರ ಬಂದ. ಕಾರವಾರದವನು. "ಮೇಡಂ, ಈ ಹೊತ್ತಿನಲ್ಲಿ ಬೇಡ. ನಾಳೆ ಆಫೀಸಿಗೆ ಒಂದು ಅರ್ಜಿ ಕೊಡಿ, ನೋಡುವಾ."

ಅರ್ಜಿ ಎಂಬ ಮಾತು ಕೇಳಿದ್ದೇ ಅವಳ ಮೈಯೆಲ್ಲ ಉರಿಯಿತು.

* * *

ಸಮುದ್ರ ಏರುತ್ತಿದೆ, ಈ ಮರಗಳು ನಿಂತರಷ್ಟೇ ಗದ್ದೆ ಮನೆಗಳಿಗೆ ಉಪ್ಪುನೀರು ನುಗ್ಗುವುದಿಲ್ಲ ಎಂದು ಓಂಕಾರ್ ಬರೆದ ವರದಿ ಯಾವುದೋ ಕಪಾಟಿನಲ್ಲಿ ಧೂಳು ತಿನ್ನುತ್ತಿತ್ತು. ಯಾರಾದರೂ ಮರ ಕಡಿದಾಗಲೆಲ್ಲ ಅವನು ಇದೇ ಇಲಾಖೆಗೆ ದೂರು ಕೊಡುತ್ತಿದ್ದ. 'ಕಡಿದ ಮರ ಸಿಕ್ಕಿಲ್ಲ, ಪುರಾವೆಯಿಲ್ಲ' ಎಂದು ಹನ್ನೊಂದು ಸಲ ಒಂದೇ ಉತ್ತರ ಬಂತು. ಹನ್ನೊಂದನೆಯದನ್ನು ಹಿಡಿದು ಕೂತವನಿಗೆ ಮೃದುಲಾ ಅಂದಿದ್ದಳು:

"ಸಾಕು ಮಾಡ್ರಿ. ನಿಮ್ಮೊಬ್ಬರಿಂದ ಏನಾಗೋದದ?"

ಹನ್ನೆರಡನೆಯ ದೂರನ್ನು ಅವನು ಬರೆಯಲೇ ಇಲ್ಲ.

* * *

ಈಗ ಆ ಇಲಾಖೆಯ ಮೇಲೆ ಎಷ್ಟು ಸಿಟ್ಟಿತ್ತೋ, ತನ್ನ ನಾಲಗೆಯ ಮೇಲೂ ಅವಳಿಗೆ ಅಷ್ಟೇ ಸಿಟ್ಟಿತ್ತು. ಎದ್ದು ಅಧಿಕಾರಿಯ ಎದುರು ನಿಂತಳು.

"ಪುರಾವೆ ಬೇಕಂತಿದ್ರಲ್ಲಾ, ಇಲ್ಲೇ ಅದ. ಪಂಚನಾಮೆ ಮಾಡ್ರಿ."

"ಇಲ್ಲಿಯಾ?"

"ಇಲ್ಲೇ. ದೇವಪ್ಪ, ಎಲ್ಲಾ ಕೆಳಗ ಇಳಸು. ಇದರ ಮ್ಯಾಲೆ ಅವರನ್ನ ಸುಡ್ಲಿಕ್ಕೆ ನಾ ಬಿಡೂದಿಲ್ಲ."

"ವೈನಿ, ಅಣ್ಣ ಬಿಸಿಲಾಗ ಮಲಗ್ಯಾನ," ಬಂಡುವಿನ ದನಿ ಒಡೆಯಿತು. "ಮಂದಿ ಏನಂದಾರು?"

"ಜೀವಮಾನ ಎಲ್ಲಾ ಬಿಸಿಲಾಗ ನಿಂತಾರ ಅವರು. ಇನ್ನೊಂದು ತಾಸು ತಡೀತಾರ. ನೀ ಹೋಗಿ ಬ್ಯಾರೆ ಕಟ್ಟಿಗಿ ತಾ. ಯಾವ ಗಿಡದ್ದಂತ ಕೇಳಿ ತಾ."

ನೆರೆದವರ ಫೋನುಗಳು ಒಂದೊಂದಾಗಿ ಮೇಲೆದ್ದವು. ಅಧಿಕಾರಿ ಅತ್ತಿತ್ತ ನೋಡಿ, ಅಳೆಯಲು ಟೇಪಿಲ್ಲವೆಂದ.

ದೇವಪ್ಪ ಸೊಂಟದಿಂದ ಓಂಕಾರನ ಟೇಪು ತೆಗೆದ. "ಸಾಹೇಬ್ರ ಜೋಡಿ ಕಳಸಬೇಕಂತ ತಂದಿದ್ನಿರಿ," ಎಂದು ಅದನ್ನು ಮೃದುಲಾಳಿಗೆ ಕೊಟ್ಟ.

ಅವಳು ಸೆರಗು ಬಿಗಿದು ಕೊರಡಿನ ಮುಂದೆ ಮಂಡಿಯೂರಿದಳು. ಟೇಪಿನ ಒಂದು ತುದಿಯನ್ನು ತಾನು ಒತ್ತಿ ಹಿಡಿದು, ಇನ್ನೊಂದನ್ನು ಅಧಿಕಾರಿಯತ್ತ ಚಾಚಿದಳು. ಅವನು ಬಾಗುವ ತನಕ ಕೈ ಹಿಂದೆ ತೆಗೆಯಲಿಲ್ಲ.