ಕಿವಿಗಿಟ್ಟ ಗೂಡು

ಶಿಡ್ಲಘಟ್ಟದ ವೆಂಕಟರವಣಪ್ಪನವರ ರೇಷ್ಮೆ ನೂಲು ಬಿಚ್ಚುವ ಮನೆಯಲ್ಲಿ ಮುನಿಗಂಗಮ್ಮ ಹದಿನಾಲ್ಕು ವರ್ಷ ಬಿಸಿನೀರಿಗೆ ಕೈ ಹಾಕಿದವಳು. ಗೂಡಿನ ಎಳೆ ಹುಡುಕಿ ಹುಡುಕಿ ಬೆರಳ ತುದಿಗಳು ಮರಗಟ್ಟಿದ್ದವು. ಈಗೀಗ ಎಳೆ ಸಿಕ್ಕಿದ್ದೂ ತಿಳಿಯುತ್ತಿರಲಿಲ್ಲ. ಬಿಸಿನೀರಿನ ಬೇಸಿನ್ನಿನ ಕೆಲಸ ಇನ್ನೊಂದು ವರ್ಷ ನಡೆದರೆ ಹೆಚ್ಚು, ಆಮೇಲೇನು ಎಂಬುದೇ ಅವಳ ಚಿಂತೆ.

ಇದರ ನಡುವೆ ಅವಳಿಗೊಂದು ಹುಚ್ಚು ಬೇರೆ. ಮಾರುಕಟ್ಟೆಯಿಂದ ಗೂಡು ಕೊಂಡು ತರುವ ನಲ್ಲಪ್ಪ, ಎರಡು ಗೂಡು ಅಮುಕಿ ನೋಡಿ ನೂಲು ಹೇಗೆ ಬರುತ್ತದೆಂದು ಹೇಳಿಬಿಡುತ್ತಿದ್ದ. ಅದು ಹೇಗೆ? ಕೇಳಿದರೆ ಮಹಾರಾಯ ಬಾಯಿ ಬಿಡಬೇಕಲ್ಲ. ಅಮುಕಿದರೆ ಅವಳ ಬೆರಳಿಗೇನೂ ತಾಕದು. ಹಾಗಾಗಿ ಬಂದ ಪ್ರತಿ ಲಾಟಿನ ಗೂಡನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಹುಳುವಿನ ಸದ್ದು ಕೇಳಿ, ಸಂಜೆ ಬಂದ ನೂಲಿನ ಜೊತೆ ತಾಳೆ ನೋಡುತ್ತಿದ್ದಳು. ಐದು ವರ್ಷ ಹೀಗೇ ನಡೆಯಿತು. ಜೊತೆಯ ಹೆಂಗಸರು ನಕ್ಕರು. ನಗಲಿ ಬಿಡಿ, ನಗುವುದಕ್ಕೇನು ದುಡ್ಡು ಕೊಡಬೇಕೇ?

ತೊಂಬತ್ತನೇ ಇಸವಿಯ ಮಳೆಗಾಲದಲ್ಲಿ ನಲ್ಲಪ್ಪ ಮೊಪೆಡ್ಡಿನಿಂದ ಬಿದ್ದು ಕಾಲು ಮುರಿದುಕೊಂಡ.

"ಮಾರ್ಕೆಟ್ಟಿಗೆ ನಾನು ಹೋಗ್ತೀನಣ್ಣ," ಎಂದಳು ಮುನಿಗಂಗಮ್ಮ.

ವೆಂಕಟರವಣಪ್ಪನವರಿಗೆ ಬೇರೆ ದಾರಿಯಿರಲಿಲ್ಲ. "ಒಂದು ಸಲ ನೋಡಣ. ಕೆಡಿಸಿದ್ರೆ ಮತ್ತೆ ಬೇಸಿನ್ನೇ ನಿಂಗೆ."

ಮಾರುಕಟ್ಟೆಯಲ್ಲಿ ದಿಬ್ಬೂರಹಳ್ಳಿಯಿಂದ ಬಂದ ಲಾಟೊಂದಕ್ಕೆ ಎಲ್ಲರೂ ಮುಗಿಬಿದ್ದಿದ್ದರು. ಗಟ್ಟಿ ಗೂಡು, ನೋಡಲೂ ಲಕ್ಷಣ. ಮುನಿಗಂಗಮ್ಮ ಒಂದು ಕಿವಿ ಮುಚ್ಚಿಕೊಂಡು, ಇನ್ನೊಂದು ಕಿವಿಯ ಬಳಿ ಹತ್ತು ಹನ್ನೆರಡು ಗೂಡು ಅಲ್ಲಾಡಿಸಿದಳು. ಹರಾಜು ಕೂಗುವಾಗ ಬಾಯಿ ತೆರೆಯಲಿಲ್ಲ. ಪಕ್ಕದ ಬೀದಿಯಲ್ಲಿ ನೂಲು ಬಿಚ್ಚಿಸುವ ಚನ್ನಕೇಶವ ಅದನ್ನು ಕೊಂಡ. ಇವಳು ಬೇರೆ ಲಾಟುಗಳನ್ನು ಒಂದೊಂದಾಗಿ ಆಲಿಸುವಷ್ಟರಲ್ಲಿ ಹರಾಜೇ ಮುಗಿಯಿತು.

ಬರಿಗೈಯಲ್ಲಿ ಬಂದವಳಿಗೆ ವೆಂಕಟರವಣಪ್ಪ ಬೇಸಿನ್ನಿನ ಕಡೆ ಕೈ ತೋರಿಸಿದರು. ಗೂಡಿಲ್ಲದೆ ಬೇಸಿನ್ನುಗಳು ತಣ್ಣಗಿದ್ದವು. ಕೂಲಿ ತಪ್ಪಿದ ಹೆಂಗಸರು ಬಾಯಿಗೆ ಬಂದಂತೆ ಬೈದರು. ಮುನಿಗಂಗಮ್ಮನಿಗೆ ನಿಜಕ್ಕೂ ಭಯವಾಯಿತು. ತನ್ನ ಕಿವಿಯನ್ನೇ ನಂಬಿ ಕೆಟ್ಟೆನೇನೋ ಅನಿಸಿತು.

ಮರುದಿನ ಚನ್ನಕೇಶವನ ಮನೆಯಲ್ಲಿ ನೂಲು ಮಾರುದ್ದಕ್ಕೊಮ್ಮೆ ಕಡಿಯತೊಡಗಿತು. ಹುಳುಗಳು ಒಳಗೇ ಸತ್ತು, ಕರಗಿ, ಗೂಡಿಗೆ ಅಂಟಿಕೊಂಡಿದ್ದವು. ವೆಂಕಟರವಣಪ್ಪ ಕಣ್ಣಾರೆ ನೋಡಿ ಬಂದು, ಬೇಸಿನ್ನಿನ ಮುಂದೆ ಕೂತಿದ್ದ ಮುನಿಗಂಗಮ್ಮನ ಎದುರು ನಿಂತರು.

"ಊರೆಲ್ಲ ಮುಗಿಬಿದ್ದ ಗೂಡಲ್ಲಿ ನಿಂಗೇನು ಕೇಳಿಸ್ತಮ್ಮ?"

"ಏನೂ ಕೇಳಿಸ್ಲಿಲ್ಲಣ್ಣ. ಅದಕ್ಕೇ ಬಿಟ್ಟೆ."

"ಏಳು. ಇನ್ಮೇಲೆ ಮಾರ್ಕೆಟ್ಟಿಗೆ ನೀನೇ ಹೋಗು."

ಮುನಿಗಂಗಮ್ಮ ಎದ್ದು ನಿಂತಳು. ಆದರೂ ಕೇಳಿದಳು: "ನಲ್ಲಪ್ಪಣ್ಣ ಬಂದ್ಮೇಲೆ?"

"ಅವ್ನೂ ಬರ್ಲಿ. ನೀನು ಕಿವಿಗಿಟ್ಟು ಕೇಳಿ ಆದ್ಮೇಲೆ ಅಮುಕ್ಕೊಳ್ಲಿ."